ಸಪಾಟು ಅದ, ತ್ರಾಸ ಇಲ್ಲ ಅಂತಾರ

"ಇಲ್ಲೆಲ್ಲಾ ಸಪಾಟು ಅದರಿ, ಸೈಕಲ್‌ಗೆ ಏನೂ ತ್ರಾಸ ಇಲ್ಲ." ದೂರದ ಸೈಕಲ್ ಪ್ರವಾಸದ ಮೊದಲ ತಿಂಗಳುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಸುತ್ತಾಡುವಾಗ ಈ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಚಹಾದಂಗಡಿಯವರು ಹೇಳಿದರೆ ಹೋಗಲಿ ಬಿಡಿ, ಅವರು ಚಹಾನಾದರೂ ಕೊಡುತ್ತಾರೆ. ಬೆಂಗಳೂರಿನಿಂದ ಫೋನ್ ಮಾಡುವ ಸೈಕಲ್ ಗೆಳೆಯರದು ಇನ್ನೂ ಒಂದು ಕೈ ಮೇಲು: "ಆಗುಂಬೆ ಘಾಟಿ ಹತ್ತಿದವನಿಗೆ ಕಲಬುರಗಿ ಏನು ಮಹಾ?"

ಮಹಾ ಏನೆಂದರೆ ಗಾಳಿ.

ಜೂನ್ ಕಾಲಿಟ್ಟಿತೆಂದರೆ ಸೆಪ್ಟೆಂಬರ್‌ವರೆಗೂ ಇಲ್ಲಿ ಪಡುವಣ ಗಾಳಿಯದೇ ರಾಜ್ಯ. ಮುಂಗಾರು ತನ್ನ ಮಳೆಯ ದೊಡ್ಡ ಪಾಲನ್ನು ಪಶ್ಚಿಮ ಘಟ್ಟದಲ್ಲೇ ಸುರಿದು ಬರುತ್ತದೆ. ಈ ಕಡೆ ಮಳೆ ಕೈಕೊಟ್ಟರೂ ಗಾಳಿ ಕೈಕೊಡುವುದಿಲ್ಲ. ಮಲೆನಾಡಿನಲ್ಲಿ ಅದನ್ನು ತಡೆಯಲು ಗುಡ್ಡವಿದೆ, ಕಾಡಿದೆ, ಏನಿಲ್ಲವೆಂದರೂ ಅಡಿಕೆ ತೋಟವಿದೆ. ಚೌಡಾಪುರ ದಾಟಿ ಅಫಜಲಪುರದ ಕಡೆ ಮುಖ ಮಾಡಿ ನೋಡಿ: ಕಣ್ಣು ಹಾಯುವಷ್ಟೂ ಎರೆಹೊಲ, ಇನ್ನೂ ಮೊಣಕಾಲೆತ್ತರಕ್ಕೂ ಬಾರದ ತೊಗರಿ, ಅಲ್ಲೊಂದು ಇಲ್ಲೊಂದು ಬೇವಿನಮರ. ನೆಲ ಸಪಾಟಿದ್ದರೆ ಸೈಕಲ್‌ಗೆ ಅನುಕೂಲ, ಒಪ್ಪಿದೆ. ಗಾಳಿಗೂ ಅಷ್ಟೇ ಅನುಕೂಲ.

ಬರೀ ಮಾತು ಯಾಕೆ, ಲೆಕ್ಕವೇ ಆಗಲಿ. ಸವಾರ, ಸೈಕಲ್, ಸಾಮಾನು ಸೇರಿ ನೂರು ಕಿಲೋ ಎಂದಿಟ್ಟುಕೊಳ್ಳಿ. ಗಾಳಿಯಿಲ್ಲದ ದಿನ ಗಂಟೆಗೆ 20 ಕಿಲೋಮೀಟರ್ ಹೋಗಲು ಸುಮಾರು 105 ವ್ಯಾಟ್ ಸಾಕು. ರೂಢಿಯಿರುವ ಸಾಧಾರಣ ಮನುಷ್ಯ ತಾಸುಗಟ್ಟಲೆ ಕೊಡಬಲ್ಲ ಶಕ್ತಿ ಅದು. ಈಗ ಎದುರಿನಿಂದ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬಂತು ಅನ್ನಿ. ಬಿರುಗಾಳಿಯೇನಲ್ಲ, ಆಷಾಢದಲ್ಲಿ ಯಾರೂ ಅದನ್ನು ಗಾಳಿ ಎಂದು ಹೆಸರು ಹಿಡಿದು ಕರೆಯುವುದೂ ಇಲ್ಲ. ಆದರೆ ಮೈಗೆ ಬಡಿಯುವ ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಅದೇ 20ರ ವೇಗ ಉಳಿಸಿಕೊಳ್ಳಲು ಹೆಚ್ಚುಕಡಿಮೆ 290 ವ್ಯಾಟ್ ಬೇಕು. ಅಷ್ಟನ್ನು ದಿನವಿಡೀ ಕೊಡುವ ಕಾಲುಗಳು ರೇಸಿನವರವು. ನಮ್ಮಂಥವರು ಹಳೆಯ 105 ವ್ಯಾಟಿನಲ್ಲೇ ಗಂಟೆಗೆ 11 ಕಿಲೋಮೀಟರ್ ತೆವಳಬೇಕು. ನೂರು ಮೀಟರಿಗೆ ಎರಡೂವರೆ ಮೀಟರ್ ಏರುವ ಚಡಾವನ್ನು ಬೆಳಗಿನಿಂದ ಸಂಜೆವರೆಗೆ ಹತ್ತಿದಂತಾಯಿತು. ಘಾಟಿಗಾದರೆ ತುದಿ ಅಂತ ಒಂದಿದೆ, ಆಚೆಗೆ ಇಳಿಜಾರಿದೆ, ತುದಿಯಲ್ಲೊಂದು ಫೋಟೋ ಇದೆ. ಗಾಳಿಯ ತುದಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡವರನ್ನು ನಾನು ನೋಡಿಲ್ಲ.

ಇಷ್ಟು ಹೇಳಿದರೆ ತಕ್ಷಣ ಎರಡನೆಯ ಜಾಣತನ ಬರುತ್ತದೆ: "ಹೋಗೂ ಮುಂದ ಎದುರ ಗಾಳಿ, ಬರೂ ಮುಂದ ಹಿಂದಿನ ಗಾಳಿ, ಲೆಕ್ಕ ಬರೋಬ್ಬರಿ ಆಯ್ತಲ್ಲ?" ನನಗೆ ನಿಜಕ್ಕೂ ರೇಗುವುದು ಇಲ್ಲಿ. ಕಲಬುರಗಿಯಿಂದ ಅಫಜಲಪುರ 60 ಕಿಲೋಮೀಟರ್ ಎನ್ನೋಣ, ಲೆಕ್ಕಕ್ಕೆ ಸಲೀಸು. ಗಾಳಿಯಿಲ್ಲದೆ ಹೋಗಿಬರಲು ಆರು ತಾಸು. ಎದುರುಗಾಳಿಯಲ್ಲಿ ಹೋಗಲು ಐದೂವರೆ ತಾಸು. ಬರುವಾಗ ಗಾಳಿ ಬೆನ್ನು ನೂಕಿ ವೇಗ 32ಕ್ಕೆ ಏರಿತು ಅನ್ನಿ, ಎರಡು ತಾಸಿಗೆ ಸ್ವಲ್ಪ ಕಡಿಮೆ. ಒಟ್ಟು ಏಳು ತಾಸು ದಾಟಿತು. ಎದುರುಗಾಳಿಯಲ್ಲಿ ನೀವು ಕಳೆಯುವ ಹೊತ್ತು ಹೆಚ್ಚು, ಹಿಂಗಾಳಿಯಲ್ಲಿ ಕಳೆಯುವ ಹೊತ್ತು ಕಡಿಮೆ. ಬಡ್ಡಿ ಕಟ್ಟುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೂ ಅಲ್ಲದೆ ದೂರದ ಪ್ರವಾಸದವನು ಬಂದ ದಾರಿಯಲ್ಲೇ ವಾಪಸ್ ಬರುವುದೇ ಇಲ್ಲವಲ್ಲ, ಸ್ವಾಮಿ.

ಜೇವರ್ಗಿ ದಾರಿ ಬೇರೆ ಪಾಠ. ಕಲಬುರಗಿಯಿಂದ ಅದು ನೇರ ದಕ್ಷಿಣಕ್ಕೆ. ಪಡುವಣ ಗಾಳಿ ಬಲಮಗ್ಗುಲಿಗೆ ಬಡಿಯುತ್ತದೆ. "ಅಡ್ಡಗಾಳಿ ತಾನೇ, ಎದುರಿಗೇನೂ ಇಲ್ಲವಲ್ಲ" ಎನ್ನುವವರು ರಾಷ್ಟ್ರೀಯ ಹೆದ್ದಾರಿ 50ರ ಮೇಲೆ ಒಂದು ಮಧ್ಯಾಹ್ನ ತುಳಿಯಬೇಕು. ಬೀಳದಿರಲು ಸೈಕಲ್ಲನ್ನು ಬಲಕ್ಕೆ, ಗಾಳಿಯ ಮೇಲೆ ಒರಗಿಸಿಕೊಂಡೇ ಹೋಗುತ್ತೀರಿ. ಹಿಂದಿನಿಂದ ಲಾರಿ ಬಂದು ಬಲಗಡೆಯಿಂದ ದಾಟುತ್ತದೆ. ಆ ಎರಡು ಕ್ಷಣ ಲಾರಿಯೇ ಗೋಡೆಯಾಗಿ ಗಾಳಿ ನಿಲ್ಲುತ್ತದೆ, ಒರಗಿದ್ದ ನೀವು ಲಾರಿಯ ಗಾಲಿಯ ಕಡೆಗೇ ವಾಲುತ್ತೀರಿ. ಹ್ಯಾಂಡಲ್ ಸರಿಮಾಡಿಕೊಳ್ಳುವಷ್ಟರಲ್ಲಿ ಲಾರಿ ಮುಂದೆ ಹೋಗಿ, ತಡೆದಿದ್ದ ಗಾಳಿಯೆಲ್ಲ ಒಮ್ಮೆಲೇ ನುಗ್ಗಿ ಎಡಕ್ಕೆ, ಜಾಲಿಕಂಟಿಯತ್ತ ನೂಕುತ್ತದೆ. ಭೀಮೆಯ ಸೇತುವೆ ಮೇಲೆ ಕಂಟಿಯೂ ಇಲ್ಲ. ಲಾರಿ ಸದ್ದು ಕೇಳಿದೊಡನೆ ರಸ್ತೆಯ ಅಂಚಿಗೆ ಸರಿದು ಕಾಲು ಊರುವುದೇ ಕ್ಷೇಮ; ಶೂರತನಕ್ಕೆ ಬೇರೆ ಜಾಗಗಳಿವೆ.

ಇದೆಲ್ಲ ಈ ಸೀಮೆಯವರಿಗೆ ತಿಳಿಯದ್ದೇನಲ್ಲ, ಮೋಟರ್ ಸೈಕಲ್ ಬಂದ ಮೇಲೆ ಮರೆತದ್ದು. ರಾಶಿ ಮಾಡಿ ಜೋಳ ತೂರಿದ ತಲೆಮಾರಿಗೆ ಗಾಳಿ ಯಾವಾಗ ಏಳುತ್ತದೆ, ಯಾವಾಗ ಮಲಗುತ್ತದೆ ಎಂಬುದು ಬಾಯಿಪಾಠ. ಅಫಜಲಪುರದ ಹತ್ತಿರ ಒಬ್ಬ ಮುದುಕ ನನ್ನ ಸೈಕಲ್ ನೋಡಲಿಲ್ಲ, ಚೀಲ ನೋಡಲಿಲ್ಲ, ಬೆಲೆ ಕೇಳಲಿಲ್ಲ. ಪಡುವಣದ ಕಡೆ ಮುಖ ಎತ್ತಿ, "ಹತ್ತ ಹೊಡಿಯೂದ್ರಾಗ ಊರ ಸೇರ್ಕೊ" ಅಂದ. ಹವಾಮಾನದವರು ಹೇಳುವುದೂ ಅದನ್ನೇ: ರಾತ್ರಿ ನೆಲ ತಣಿದು, ನೆಲಕ್ಕೆ ಹತ್ತಿದ ಗಾಳಿ ಸುಮ್ಮನಿರುತ್ತದೆ, ಬಿಸಿಲೇರಿ ನೆಲ ಕಾಯ್ದಂತೆ ಮೇಲಿನ ಜೋರುಗಾಳಿ ಬೆರೆತು ಕೆಳಗಿಳಿಯುತ್ತದೆ. ಆ ಮೊದಲ ತಿಂಗಳುಗಳಲ್ಲಿ ನನಗೆ ಸಿಕ್ಕ ಸಲಹೆಗಳ ರಾಶಿಯನ್ನು ತೂರಿದರೆ ಉಳಿಯುವ ಕಾಳು ಇದೊಂದೇ.

ಮಿಕ್ಕದ್ದೆಲ್ಲ ಹೊಟ್ಟು. ಎರಡೂ ಪಾದ ನೆಲಕ್ಕೆ ಹತ್ತುವಷ್ಟು ಸೀಟು ಇಳಿಸಬೇಕಂತೆ, ಆಮೇಲೆ "ಸೈಕಲ್ ತುಳಿದರ ಮೊಣಕಾಲ ಹೋಗತಾವ" ಎಂದು ಹೆದರಿಸುವವರೂ ಅವರೇ. ಮೊಣಕಾಲಿನ ಮುಂಭಾಗ ನೋಯುವುದಕ್ಕೆ ಆ ತಗ್ಗು ಸೀಟೇ ದೊಡ್ಡ ಕಾರಣ. ಸೀಟು ದಿಂಬಿನಂತಿರಬೇಕು ಎನ್ನುವುದೂ ಅಂಗಡಿಯಲ್ಲಿ ಐದು ನಿಮಿಷ ಕೂತವರ ಮಾತು, ಐದು ತಾಸು ಕೂತವರದಲ್ಲ. ಟೈರಿಗೆ ಕಲ್ಲಿನಂತೆ ಹವಾ ತುಂಬಿದರೆ ಕಿತ್ತುಹೋದ ಡಾಂಬರಿನ ಮೇಲೆ ಸೈಕಲ್ ಓಡುವುದಿಲ್ಲ, ಪುಟಿಯುತ್ತದೆ. ಲಕ್ಷ ರೂಪಾಯಿಯ ಗೇರ್ ಸೈಕಲ್ ಇಲ್ಲದೆ ದೂರ ಹೋಗಲಾಗದು ಎನ್ನುವವರಿಗೆ ಥಾಮಸ್ ಸ್ಟೀವನ್ಸ್ ಹೆಸರು ಸಾಕು: 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟವನು ಗೇರೇ ಇಲ್ಲದ, ಮುಂದೆ ಆಳೆತ್ತರದ ಗಾಲಿಯ ಸೈಕಲ್‌ನಲ್ಲಿ ಭೂಮಿ ಸುತ್ತುತ್ತ 1886ರಲ್ಲಿ ಲಾಹೋರ್‌ನಿಂದ ಕಲ್ಕತ್ತಾವರೆಗೂ ತುಳಿದ. ಮುಂಬಯಿಯ ಪಾರ್ಸಿ ಹುಡುಗರು 1923ರಲ್ಲಿ ಹೊರಟರು. ಹಕೀಮ್, ಬಾಪಾಸೋಲಾ, ಭೂಮ್‌ಗರಾ ಎಂಬ ಮೂವರು ಲೋಕ ಸುತ್ತಿ 1928ರಲ್ಲಿ ಮನೆ ಮುಟ್ಟಿದರು. ಇನ್ನು ಹೊಲದ ದಾರಿ ಹತ್ತಿರ ಎಂದು ಮಳೆ ನಿಂತ ಮೇಲೆ ಕಳಿಸುವ ಪುಣ್ಯಾತ್ಮರು: ಎರೆಮಣ್ಣು ಹತ್ತು ಮಾರಿನಲ್ಲಿ ಟೈರಿಗೆ ಮೆತ್ತಿ, ಮಡ್‌ಗಾರ್ಡ್ ತುಂಬಿ, ಗಾಲಿಯನ್ನು ಬ್ರೇಕ್ ಹಾಕದೆಯೇ ನಿಲ್ಲಿಸುತ್ತದೆ. ಕಡ್ಡಿಯಿಂದ ಕೆದರಿ ತೆಗೆಯುವ ಹೊತ್ತಿಗೆ ಬಿಸಿಲು ಬಂದಿದ್ದರೆ ಅದು ಆಗಲೇ ಇಟ್ಟಿಗೆ.

ಹಳ್ಳಿಯವರನ್ನು ಬೈದು ಮುಗಿಸುವಂತಿಲ್ಲ. ಹೆಚ್ಚು ಓದಿದವರ ಮೂಢನಂಬಿಕೆ ಮೊಬೈಲ್‌ನಲ್ಲಿದೆ. ಆ್ಯಪ್ ದಾರಿಯ ಏರಿಳಿತವನ್ನು ಗೆರೆ ಎಳೆದು ತೋರಿಸುತ್ತದೆ. ಆಳಂದದಿಂದ ಅಫಜಲಪುರಕ್ಕೆ ಗೆರೆ ಮಲಗಿದಂತಿದ್ದರೆ ಇಷ್ಟೇ ತಾಸು ಎಂದು ಹೇಳುತ್ತದೆ, ಇವರು ನಂಬುತ್ತಾರೆ. ಹಳ್ಳಕ್ಕೊಮ್ಮೆ ಇಳಿದು ದಿಬ್ಬಕ್ಕೊಮ್ಮೆ ಏರುವುದೇ ಆ ಗೆರೆಯಲ್ಲಿ ಸರಿಯಾಗಿ ಕಾಣುವುದಿಲ್ಲ, ಗಾಳಿ ಎಲ್ಲಿಂದ ಕಾಣಬೇಕು? ಗುಡ್ಡ ಕಣ್ಣಿಗೆ ಬೀಳುತ್ತದೆ, ಅದಕ್ಕೆ ಹೆದರುತ್ತಾರೆ. ಅದೇ ಫೋನಿನಲ್ಲಿ ಗಾಳಿಯ ದಿಕ್ಕು, ವೇಗ ಹೇಳುವ ಪುಟವೂ ಉಂಟು, ಅದನ್ನು ತೆರೆಯುವ ತೊಂದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಗಾಣಗಾಪುರದ ಬೀದಿಯಲ್ಲಿ ತಾಯಿತದ ಅಂಗಡಿ ನೋಡಿ ನಗುವವರೂ ಇವರೇ.

ನವೆಂಬರ್ ಹೊತ್ತಿಗೆ ಗಾಳಿ ತಿರುಗಿ ಮೂಡಣದಿಂದ ಬೀಸತೊಡಗುತ್ತದೆ. ರಜೆ ಹಾಕಿ ಬರುವ ಸವಾರರು ಆಗಲೇ ಬರುವುದು, ಪಡುವಣಕ್ಕೆ ತುಳಿಯುವುದು, ಅಫಜಲಪುರವನ್ನು ಎರಡು ತಾಸಿನಲ್ಲಿ ಮುಟ್ಟುವುದು. ಹಿಂಗಾಳಿಯ ಗುಣವೇ ಅದು, ಇದ್ದದ್ದು ಮುಖಕ್ಕೆ ತಿಳಿಯುವುದೇ ಇಲ್ಲ. ಅವರು ಹಾಕುವ ವಿಡಿಯೋದಲ್ಲಿ ಗಾಳಿಯ ಹೆಸರಿರುವುದಿಲ್ಲ; ಕಾಲಿನ ಬಲದ ವರ್ಣನೆ ಮಾತ್ರ ಹದಿನೈದು ನಿಮಿಷ.