ತೋಳಮಾನವನ ಭಯ, ಹುಚ್ಚುನಾಯಿಯ ಸತ್ಯ

ಮನುಷ್ಯ ತೋಳವಾಗಿ ಮಾರ್ಪಡುತ್ತಾನೆಯೇ? ಅಂಥವನಿಂದ ಪಾರಾಗುವುದು ಹೇಗೆ? ಸಿನಿಮಾ ನೋಡಿದ ಹೈಸ್ಕೂಲು ಮಕ್ಕಳು ಹೀಗೆ ಕೇಳಿದರೆ ಮನೆಯ ದೊಡ್ಡವರು ನಕ್ಕುಬಿಡುತ್ತಾರೆ. ಆದರೆ ಹುಚ್ಚುನಾಯಿ ಕಚ್ಚಿದವನು ನಾಯಿಯಂತೆ ಬೊಗಳುತ್ತಾನೆ, ನಾಯಿಯ ಗುಣ ಅವನ ಮೈಗೆ ಹತ್ತುತ್ತದೆ, ಮಂತ್ರ ಹಾಕಿಸಿ ತಾಯತ ಕಟ್ಟಿಸಿದರೆ ಅದು ಇಳಿಯುತ್ತದೆ ಎಂಬ ಮಾತಿಗೆ ಯಾರೂ ನಗುವುದಿಲ್ಲ. ಬುಡದಲ್ಲಿ ಎರಡೂ ಒಂದೇ ನಂಬಿಕೆ: ಪ್ರಾಣಿಯ ಹಲ್ಲು ನಾಟಿದರೆ ಮನುಷ್ಯ ಪ್ರಾಣಿಯಾಗುತ್ತಾನೆ, ಅದನ್ನು ಇಳಿಸಲು ಮಂತ್ರ ಬಲ್ಲವರೇ ಬೇಕು ಎಂಬುದು. ತೋಳಮಾನವನ ಕಥೆಯಿಂದ ಮಕ್ಕಳಿಗೆ ಒಂದೆರಡು ರಾತ್ರಿ ನಿದ್ದೆ ಕೆಡಬಹುದು, ಅಷ್ಟೆ. ನಾಯಿ ಕಡಿತದ ಕಥೆಯಿಂದ ಮಾತ್ರ ಜೀವವೇ ಹೋಗುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ನಸುಕಿನಲ್ಲೇ ಎದ್ದು ಹಾಲಿನ ಡೇರಿಗೂ ತೋಟಕ್ಕೂ ರೇಷ್ಮೆಗೂಡಿನ ಮಾರುಕಟ್ಟೆಗೂ ಹೊರಡುವವರು ದಿನವೂ ಬೀದಿನಾಯಿಗಳ ನಡುವೆಯೇ ಹಾದುಹೋಗುತ್ತಾರೆ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ಇಲ್ಲಿ ಸ್ಪಷ್ಟವಾಗಿರಬೇಕು.

ತೋಳಮಾನವ ಇಲ್ಲ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ, ತೋಳದ ಜೀವಕೋಶದಲ್ಲಿ 78. ಒಂದೇ ರಾತ್ರಿಯಲ್ಲಿ ದವಡೆ ಮುಂಚಾಚಿ, ಹಲ್ಲು ಬದಲಾಗಿ, ಬೆಳಗಾಗುವಷ್ಟರಲ್ಲಿ ಎಲ್ಲವೂ ಮೊದಲಿನಂತಾಗುವ ಏರ್ಪಾಡು ಯಾವ ಸಸ್ತನಿಯ ದೇಹದಲ್ಲೂ ಇಲ್ಲ. ಹಾಗಾದರೆ ಹುಳು ಪತಂಗವಾಗುವುದಿಲ್ಲವೇ ಎಂದು ಕೇಳಬಹುದು. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಇದರ ಉತ್ತರ ಗೊತ್ತು. ಹುಳು ಗೂಡು ಕಟ್ಟಿ, ಗೂಡಿನೊಳಗೆ ಕೋಶವಾಗಿ, ಪತಂಗವಾಗಿ ಹೊರಬರಲು ಸುಮಾರು ಎರಡು ವಾರ ಹಿಡಿಯುತ್ತದೆ. ಆ ಬದಲಾವಣೆ ಮೊಟ್ಟೆಯಲ್ಲೇ ಬರೆದಿಟ್ಟದ್ದು, ಯಾರ ಕಡಿತದಿಂದಲೂ ಬಂದದ್ದಲ್ಲ. ಪತಂಗವಾದದ್ದು ಮತ್ತೆ ಹುಳುವಾಗುವುದೂ ಇಲ್ಲ. ಇನ್ನು, ತೋಳವಾಗಿದ್ದೆ ಎಂದು ಸ್ವತಃ ಒಪ್ಪಿಕೊಂಡವರು ಚರಿತ್ರೆಯಲ್ಲಿ ಇದ್ದಾರಲ್ಲ ಎನ್ನುವವರಿದ್ದಾರೆ. ಜರ್ಮನಿಯ ಬೆಡ್‌ಬುರ್ಗ್‌ನಲ್ಲಿ 1589ರಲ್ಲಿ ಕೊಲ್ಲಲ್ಪಟ್ಟ ಪೀಟರ್ ಸ್ಟಂಪ್ ಹಾಗೆ ಒಪ್ಪಿಕೊಂಡದ್ದು ನಿಜ, ಆದರೆ ಚಿತ್ರಹಿಂಸೆಗೆ ಬೆದರಿ. ಹಾಗೆ ಹೊರಟ ಮಾತು ಸಾಕ್ಷ್ಯವಾಗದು. ತಾನು ತೋಳ ಅಥವಾ ನಾಯಿ ಆಗಿದ್ದೇನೆ ಎಂದು ಮನಸಾರೆ ನಂಬುವ ಅಪರೂಪದ ಮನೋರೋಗವೊಂದು ವೈದ್ಯಶಾಸ್ತ್ರದಲ್ಲಿ ದಾಖಲಾಗಿದೆ. ಅಲ್ಲಿ ಬದಲಾಗುವುದು ರೋಗಿಯ ನಂಬಿಕೆಯೇ ಹೊರತು ಮೈಯಲ್ಲ, ಅದಕ್ಕೆ ಮನೋವೈದ್ಯರ ಚಿಕಿತ್ಸೆಯೂ ಇದೆ. ಕಡಿತದಿಂದ ತೋಳತನ ಅಂಟುತ್ತದೆ, ಬೆಳ್ಳಿಯಿಂದ ಅದು ಸಾಯುತ್ತದೆ ಎಂಬ ವಿವರಗಳನ್ನು ಜಗತ್ತಿಗೆಲ್ಲ ಹಬ್ಬಿಸಿದ್ದು 1935ರ ‘ವೆರ್‌ವುಲ್ಫ್ ಆಫ್ ಲಂಡನ್’, 1941ರ ‘ದಿ ವುಲ್ಫ್ ಮ್ಯಾನ್’ನಂಥ ಹಾಲಿವುಡ್ ಚಿತ್ರಗಳು.

ನಿಜವಾದ ತೋಳ ನಮ್ಮ ನಾಡಿನಲ್ಲಿದೆ, ಅದು ಕಥೆಯ ತೋಳದಂತಿಲ್ಲ. ದಖ್ಖನ್ನಿನ ಕುರುಚಲು ಬಯಲಿನಲ್ಲಿ ಬದುಕುವ ಭಾರತೀಯ ಬೂದುತೋಳ ಸುಮಾರು 20 ಕಿಲೊ ತೂಗುತ್ತದೆ. ಕುರಿಮಂದೆಗೆ ಕಂಟಕವಾದರೂ ಮನುಷ್ಯರನ್ನು ಕಂಡರೆ ದೂರ ಸರಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದಕ್ಕೆ ರಕ್ಷಣೆಯಿದೆ, ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಅದಕ್ಕೆಂದೇ ಧಾಮವಿದೆ. ಜಾತ್ರೆ, ಸಂತೆಗಳಲ್ಲಿ ‘ನರಿಕೊಂಬು’ ಎಂದು ಮಾರುವ ವಸ್ತು ದುಷ್ಟಶಕ್ತಿಯಿಂದ ಕಾಯುತ್ತದೆ ಎನ್ನುವುದಂತೂ ಎರಡು ಪಟ್ಟು ಸುಳ್ಳು. ನರಿಗೆ ಕೊಂಬೇ ಇಲ್ಲ, ಆ ಹೆಸರಿನಲ್ಲಿ ನರಿಯ ಚರ್ಮ, ಮೂಳೆ ಮಾರುವುದು ಅಪರಾಧ. ತೋಳ ಮನುಷ್ಯರ ಮೇಲೆ ಬಿದ್ದ ಅಪರೂಪದ ಪ್ರಕರಣಗಳೂ ಇವೆ. 1996ರಲ್ಲಿ ಉತ್ತರ ಪ್ರದೇಶದ ಪ್ರತಾಪಗಢ, ಸುಲ್ತಾನ್‌ಪುರ, ಜೌನ್‌ಪುರ ಜಿಲ್ಲೆಗಳಲ್ಲಿ ಹತ್ತಾರು ಮಕ್ಕಳು ತೋಳಕ್ಕೆ ಬಲಿಯಾದರು. ಇದು ತೋಳದ್ದೇ ಕೆಲಸ ಎಂದು ವನ್ಯಜೀವಿ ವಿಜ್ಞಾನಿಗಳಾದ ವೈ.ವಿ. ಝಾಲಾ ಮತ್ತು ಡಿ.ಕೆ. ಶರ್ಮ ತನಿಖೆ ಮಾಡಿ ತೋರಿಸಿದರು. ಆದರೆ ಹಳ್ಳಿಗಳಲ್ಲಿ ಹಬ್ಬಿದ್ದೇ ಬೇರೆ ಸುದ್ದಿ: ಅದು ಅರ್ಧ ಮನುಷ್ಯ, ಅರ್ಧ ಮೃಗ, ತೋಳದ ವೇಷ ತೊಟ್ಟ ಮನುಷ್ಯ. ಆ ಗುಮಾನಿಯಲ್ಲಿ ಜನ ಅಪರಿಚಿತರನ್ನು ಹಿಡಿದು ಬಡಿದು ಕೊಂದರು. ನಮ್ಮಲ್ಲಿ ಹಾಗಾಗದು ಎನ್ನುವಂತಿಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿಗೆ 2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಬ್ಬ ಯುವಕ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಎಂಜಿನಿಯರ್ ಗುಂಪಿನ ಕೈಯಲ್ಲಿ ಸತ್ತರು. ಮೃಗದ ಮುಖವಾಡವನ್ನು ನಾವೇ ಇನ್ನೊಬ್ಬರ ಮುಖಕ್ಕೆ ತೊಡಿಸಿದಾಗ ಸಾಯುವವರು ಮನುಷ್ಯರೇ.

ಹಾಗಿದ್ದರೂ ಈ ಹಳೆಯ ನಂಬಿಕೆಯೊಳಗೆ ಸತ್ಯದ ಒಂದು ಚೂರಿದೆ. ನಾಯಿಜಾತಿಯ ಪ್ರಾಣಿ ಕಚ್ಚಿದ್ದರಿಂದ ಮನುಷ್ಯನ ನಡವಳಿಕೆ ಭಯಂಕರವಾಗಿ ಬದಲಾಗುವ ರೋಗವೊಂದು ನಿಜಕ್ಕೂ ಇದೆ. ಅದೇ ರೇಬೀಸ್, ನಮ್ಮ ಹುಚ್ಚುನಾಯಿ ರೋಗ. ರೋಗ ಹತ್ತಿದ ನಾಯಿಯ ಜೊಲ್ಲಿನಲ್ಲಿರುವ ವೈರಾಣು ಗಾಯದ ಮೂಲಕ ಸ್ನಾಯುವಿಗೆ ಇಳಿಯುತ್ತದೆ, ಅಲ್ಲಿಂದ ನರದ ಎಳೆ ಹಿಡಿದು ನಿಧಾನವಾಗಿ ಮಿದುಳಿನ ಕಡೆ ಸಾಗುತ್ತದೆ. ಮಿದುಳು ಮುಟ್ಟಿದ ಮೇಲೆ ಅಲ್ಲಿ ಉರಿಯೂತ ಎಬ್ಬಿಸಿ, ಮತ್ತೆ ನರಗಳ ಮೂಲಕವೇ ಜೊಲ್ಲಿನ ಗ್ರಂಥಿಗಳಿಗೆ ಬರುತ್ತದೆ. ರೋಗಿ ನೀರಿನ ಲೋಟ ಬಾಯಿಗೆ ತಂದರೆ ಗಂಟಲಿನ ಸ್ನಾಯುಗಳು ಬಿಗಿದು ಸೆಟೆಯುತ್ತವೆ. ಫ್ಯಾನಿನ ಗಾಳಿ ಮುಖಕ್ಕೆ ಬಡಿದರೂ ಅದೇ ಯಾತನೆ. ನುಂಗಲಾಗದ ಜೊಲ್ಲು ಹೊರಗೆ ಸುರಿಯುತ್ತದೆ. ಬಿಗಿದ ಗಂಟಲಿನಿಂದ ಉಸಿರು ನುಗ್ಗುವಾಗ ಒಡಕು ಸದ್ದು ಹೊರಡುತ್ತದೆ, ಸುತ್ತ ನಿಂತವರ ಕಿವಿಗೆ ಅದು ಬೊಗಳಿದಂತೆ ಕೇಳುತ್ತದೆ. ಬೊಗಳುವುದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಕಂಡದ್ದಕ್ಕೆ ಅವರು ಕೊಡುವ ಕಾರಣ ತಪ್ಪು. ರೋಗಿ ನಾಯಿಯಾಗಿಲ್ಲ. ನಡುನಡುವೆ ಅವನಿಗೆ ಪೂರ್ತಿ ಎಚ್ಚರವಿರುತ್ತದೆ, ಮನೆಯವರ ಗುರುತು ಸಿಗುತ್ತದೆ, ತನ್ನನ್ನು ಕಟ್ಟಿಹಾಕಿರುವುದೂ ತಿಳಿಯುತ್ತದೆ. ಐದರಲ್ಲಿ ಒಂದರಷ್ಟು ರೋಗಿಗಳಲ್ಲಿ ಈ ಕೆರಳಾಟವೇ ಇರದೆ ಕೈಕಾಲು ಸೋಲುತ್ತಾ ಹೋಗುತ್ತದೆ. ಹಾಗಾಗಿ ಬೊಗಳಲಿಲ್ಲ ಎಂದ ಮಾತ್ರಕ್ಕೆ ರೇಬೀಸ್ ಅಲ್ಲ ಎನ್ನುವುದೂ ತಪ್ಪು. ಯಾವ ರೂಪದಲ್ಲಿ ಬಂದರೂ, ಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ಖಚಿತ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ನೂರಕ್ಕೆ 99 ನಾಯಿಯಿಂದಲೇ ಬರುತ್ತದೆ.

ಇಷ್ಟು ಕ್ರೂರ ರೋಗವಾದರೆ, ಮಂತ್ರ ಹಾಕಿಸಿಕೊಂಡ ನೂರಾರು ಜನ ಬದುಕಿರುವುದು ಹೇಗೆ? ಇದು ನ್ಯಾಯವಾದ ಪ್ರಶ್ನೆ, ನಂಬಿಕೆಯ ಬಲವೆಲ್ಲ ಇರುವುದೂ ಇದರಲ್ಲೇ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬೀಸ್ ಇರುವುದಿಲ್ಲ. ಮರಿಗಳಿಟ್ಟುಕೊಂಡ ನಾಯಿ, ಹೆದರಿದ ನಾಯಿ, ಊಟದ ಹೊತ್ತಿನಲ್ಲಿ ಕೆಣಕಿಸಿಕೊಂಡ ನಾಯಿ, ಎಲ್ಲವೂ ಕಚ್ಚುತ್ತವೆ. ನೂರು ಜನರಿಗೆ ಕಚ್ಚಿದ ನಾಯಿಗಳಲ್ಲಿ ಹತ್ತಕ್ಕೆ ಮಾತ್ರ ರೋಗವಿತ್ತು ಎಂದಿಟ್ಟುಕೊಳ್ಳಿ. ಉಳಿದ ತೊಂಬತ್ತು ಜನ ಏನೂ ಮಾಡದೆ ಮನೆಯಲ್ಲಿದ್ದರೂ ರೇಬೀಸ್‌ನಿಂದ ಸಾಯುತ್ತಿರಲಿಲ್ಲ. ರೋಗದ ನಾಯಿಯೇ ಕಚ್ಚಿದರೂ ಎಲ್ಲರಿಗೂ ರೋಗ ಬರುವುದಿಲ್ಲ. ಗಾಯ ಎಷ್ಟು ಆಳ, ಕಾಲಿಗೋ ಮುಖಕ್ಕೋ, ಬಟ್ಟೆಯ ಮೇಲಿಂದಲೋ ಬರಿಮೈಗೋ ಎಂಬುದರ ಮೇಲೆ ಅದು ನಿಂತಿದೆ. ಹೀಗೆ ಬದುಕುಳಿದವರೆಲ್ಲ ಮಂತ್ರದ ಖಾತೆಗೆ ಸೇರುತ್ತಾರೆ. ರೋಗ ಬಂದವರು ಆ ಖಾತೆಯಲ್ಲಿ ಕಾಣುವುದಿಲ್ಲ. ಏಕೆಂದರೆ ಕಡಿತಕ್ಕೂ ಲಕ್ಷಣಕ್ಕೂ ನಡುವೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಅಂತರವಿರುತ್ತದೆ, ಕೆಲವೊಮ್ಮೆ ವರ್ಷವೂ ದಾಟುತ್ತದೆ. ಮೊದಲ ವಾರಗಳಲ್ಲಿ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಹೇಳಿದ ಪಥ್ಯ ಮುಗಿದಿರುತ್ತದೆ, ಗುಣವಾಯಿತು ಎಂದು ಕಾಯಿ ಒಡೆಸಿಯೂ ಆಗಿರುತ್ತದೆ. ತಿಂಗಳುಗಳ ನಂತರ ಸಾವು ಬಂದಾಗ ಬೇರೆ ಯಾವುದೋ ಜ್ವರ, ಗಾಳಿ ಸೋಕಿತು, ಪಥ್ಯ ಕೆಟ್ಟಿತು ಎಂಬ ಕಾರಣ ಸಿದ್ಧವಾಗಿರುತ್ತದೆ. ಯಶಸ್ಸು ಮಾತ್ರ ಎಣಿಕೆಗೆ ಬಂದು ಸೋಲು ಬರದೇ ಹೋದರೆ ಯಾವ ಚಿಕಿತ್ಸೆಯೂ ನೂರಕ್ಕೆ ನೂರು ಫಲಿಸಿದಂತೆಯೇ ಕಾಣುತ್ತದೆ.

ಹುಣ್ಣಿಮೆ, ಅಮಾವಾಸ್ಯೆಗೆ ನಾಯಿಗೆ ಹುಚ್ಚು ಕೆರಳುತ್ತದೆ ಎಂಬ ಮಾತೂ ಇದರ ಜೊತೆಗೇ ಬರುತ್ತದೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನ 2000ನೇ ಇಸವಿಯ ಒಂದೇ ಸಂಚಿಕೆಯಲ್ಲಿ ಈ ಬಗ್ಗೆ ಎರಡು ಅಧ್ಯಯನಗಳು ಬಂದವು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ವೈದ್ಯರು ಹುಣ್ಣಿಮೆಯ ಆಸುಪಾಸಿನಲ್ಲಿ ಪ್ರಾಣಿ ಕಡಿತ ಹೆಚ್ಚು ಎಂದರೆ, ಆಸ್ಟ್ರೇಲಿಯಾದ ಸಂಶೋಧಕರು ನಾಯಿ ಕಡಿತಕ್ಕೂ ಹುಣ್ಣಿಮೆಗೂ ಸಂಬಂಧವೇ ಕಾಣಲಿಲ್ಲ ಎಂದರು. ಈ ವಾದ ಹೇಗೇ ಬಗೆಹರಿಯಲಿ, ರೇಬೀಸ್‌ಗೆ ತಿಥಿಯಿಲ್ಲ. ವೈರಾಣು ಜೊಲ್ಲಿನಲ್ಲಿದ್ದರೆ ಏಕಾದಶಿಯ ಕಡಿತವೂ ಅಷ್ಟೇ ಅಪಾಯದ್ದು.

ಇನ್ನು ರಕ್ಷಣೆಯ ಮಾತು. ಮೊದಲ ಆಯುಧ ಬಚ್ಚಲಲ್ಲೇ ಇದೆ. ರೇಬೀಸ್ ವೈರಾಣುವಿನ ಸುತ್ತ ಕೊಬ್ಬಿನ ತೆಳು ಹೊದಿಕೆಯಿದೆ, ಸೋಪು ಅದನ್ನು ಕರಗಿಸಿ ವೈರಾಣುವನ್ನು ಕೊಲ್ಲುತ್ತದೆ. ನಲ್ಲಿ ತಿರುಗಿಸಿ, ಇಲ್ಲವೇ ಯಾರಾದರೂ ಚೊಂಬಿನಿಂದ ಎಡೆಬಿಡದೆ ನೀರು ಸುರಿಯುತ್ತಿರುವಾಗ, ಗಾಯಕ್ಕೆ ಸೋಪು ಹಚ್ಚಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಬೇಕು. ಎರಡು ಚೊಂಬು ನೀರು ಸುರಿದರೆ ತೊಳೆದಂತಾಗಲಿಲ್ಲ. ಉರಿಯುತ್ತದೆಂದು ಅರ್ಧಕ್ಕೆ ನಿಲ್ಲಿಸಬಾರದು, ಮಗು ಅತ್ತರೂ ಹಿಡಿದುಕೊಂಡು ತೊಳೆಯಬೇಕು. ಆಮೇಲೆ ಇದ್ದರೆ ಪೊವಿಡೋನ್ ಅಯೋಡಿನ್ ಹಚ್ಚಬಹುದು. ಸುಣ್ಣ, ಖಾರದ ಪುಡಿ, ಅರಿಶಿನ, ಕಾಫಿಪುಡಿ, ಸೊಪ್ಪಿನ ರಸ ಯಾವುದೂ ಬೇಡ. ಅವು ಗಾಯವನ್ನು ಕೆರಳಿಸಿ ವೈರಾಣುವನ್ನು ಇನ್ನೂ ಒಳಕ್ಕೆ ತಳ್ಳುತ್ತವೆ. ಬಟ್ಟೆ ಬಿಗಿದು ಕಟ್ಟಬಾರದು, ಕೂಡಲೇ ಹೊಲಿಗೆ ಹಾಕಿಸಲೂ ಬಾರದು. ಅಲ್ಲಿಂದ ನೇರವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಬೇಕು, ಅದೂ ಅದೇ ದಿನ. ಲಸಿಕೆಯನ್ನು ಚರ್ಮದ ಪದರಕ್ಕೆ ಕೊಡುವುದಾದರೆ ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೆಯ ದಿನ. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಸೇರಿ ಐದು ಬಾರಿ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು, ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಲಸಿಕೆಯಿಂದ ದೇಹ ಪ್ರತಿರೋಧ ಬೆಳೆಸಿಕೊಳ್ಳಲು ದಿನಗಳು ಹಿಡಿಯುತ್ತವೆ. ಅಲ್ಲಿಯವರೆಗೆ ವೈರಾಣುವನ್ನು ಗಾಯದ ಬಳಿಯೇ ತಡೆಯುವುದು ಇಮ್ಯುನೊಗ್ಲಾಬ್ಯುಲಿನ್‌ನ ಕೆಲಸ. ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಅದನ್ನು 10 ದಿನ ಗಮನಿಸುವುದು ಒಳ್ಳೆಯದು, ಆದರೆ ಗಮನಿಸಿ ಆಮೇಲೆ ನೋಡೋಣ ಎಂದು ಲಸಿಕೆಯನ್ನು ಮುಂದೂಡಬಾರದು.

ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹೆದರಿಕೆ ಇಂದಿಗೂ ಜನರನ್ನು ಆಸ್ಪತ್ರೆಯಿಂದ ದೂರವಿಡುತ್ತಿದೆ. ಅದು ಕುರಿಯ ಮಿದುಳಿನ ಅಂಗಾಂಶದಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. ಭಾರತದಲ್ಲಿ ಅದರ ಬಳಕೆ 2004ರ ಕೊನೆಗೆ ನಿಂತಿತು. ಈಗಿನ ಲಸಿಕೆ ತೋಳಿಗೆ ಕೊಡುವಂಥದ್ದು, ಗರ್ಭಿಣಿಯರೂ ಬಾಣಂತಿಯರೂ ಹಾಕಿಸಿಕೊಳ್ಳಬಹುದು. ಲಸಿಕೆ ಹಾಕಿಸಿಕೊಂಡವರೂ ಸತ್ತಿದ್ದಾರಲ್ಲ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಅಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವುದು ತೊಳೆಯದ ಗಾಯ, ತಡವಾದ ಮೊದಲ ಡೋಸ್, ಕೊಡದೇ ಬಿಟ್ಟ ಇಮ್ಯುನೊಗ್ಲಾಬ್ಯುಲಿನ್, ನಡುವೆ ತಪ್ಪಿಸಿದ ಡೋಸ್. ಮನಸ್ಸಿಗೆ ಧೈರ್ಯ ಬರಲಿ ಎಂದು ತಾಯತ ಕಟ್ಟಿಸಿದರೆ ತಪ್ಪೇನು ಎಂದು ಕೇಳುವವರಿಗೆ ಹೇಳಬೇಕಾದದ್ದು ಇಷ್ಟು: ಆ ಧೈರ್ಯವೇ ಇಲ್ಲಿ ಅಪಾಯ. ಗುಣವಾಯಿತೆಂದು ನಂಬಿದವರು ಆಸ್ಪತ್ರೆಗೆ ಹೋಗುವುದಿಲ್ಲ, ಎರಡನೆಯ ಡೋಸಿನ ದಿನವನ್ನು ನೆನಪಿಡುವುದೂ ಇಲ್ಲ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಡಿಸಿ ಬದುಕಿಸಿದಂದಿನಿಂದ ಈ ರೋಗವನ್ನು ತಡೆಯುವ ದಾರಿ ಮನುಷ್ಯಕುಲಕ್ಕೆ ತಿಳಿದಿದೆ.

ಇದು ಹೊರಗಿನಿಂದ ತಂದು ಈ ನೆಲದ ಮೇಲೆ ಹೇರುವ ಬುದ್ಧಿವಾದವಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದರು. ನಂಬುವ ಮೊದಲು ಪರೀಕ್ಷೆಗೆ ಒಡ್ಡಬೇಕು ಎಂಬುದು ಅವರ ಆಗ್ರಹವಾಗಿತ್ತು. 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಮೌಢ್ಯಾಚರಣೆ ವಿರೋಧಿ ಕಾಯ್ದೆ, ನಾಯಿ, ಹಾವು, ಚೇಳು ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ತಪ್ಪಿಸಿ ಮಂತ್ರತಂತ್ರದ ಮೊರೆ ಹೋಗುವಂತೆ ಮಾಡುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. 2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಸಾಲಿಗೆ ಸೇರಿಸಿತು. 2030ರೊಳಗೆ ನಾಯಿಯಿಂದ ಹರಡುವ ರೇಬೀಸನ್ನು ಇಲ್ಲವಾಗಿಸುವುದು ದೇಶದ ಗುರಿ. ಸಾಕಿದ ನಾಯಿಗೆ ವರ್ಷವರ್ಷವೂ ಲಸಿಕೆ ಹಾಕಿಸುವುದು, ಬೀದಿನಾಯಿಗಳ ಲಸಿಕೆಗಾಗಿ ಪಂಚಾಯಿತಿಯನ್ನೂ ನಗರಸಭೆಯನ್ನೂ ಒತ್ತಾಯಿಸುವುದು ಆ ಗುರಿಯಲ್ಲಿ ನಮ್ಮ ಪಾಲು.

ತೋಳಮಾನವನಿಗಾಗಿ ಬಾಗಿಲಿಗೆ ಚಿಲಕ ಹಾಕಬೇಕಾಗಿಲ್ಲ, ಬೆಳ್ಳಿ ಹುಡುಕಬೇಕಾಗಿಲ್ಲ. ನಾಯಿ ಕಚ್ಚಿದರೆ, ಪರಚಿ ರಕ್ತ ಬಂದರೆ, ಚಿಕ್ಕ ಗಾಯವೆಂದು ಬಿಡಬೇಡಿ. ಬೈಯುತ್ತಾರೆಂದು ಮುಚ್ಚಿಡದಂತೆ ಮಕ್ಕಳಿಗೆ ಮೊದಲೇ ಹೇಳಿಡಿ. ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕೊಟ್ಟ ಚೀಟಿಯಲ್ಲಿರುವ ಎಲ್ಲ ದಿನಾಂಕಗಳಂದು ತಪ್ಪದೆ ಲಸಿಕೆ ಹಾಕಿಸಿಕೊಳ್ಳಿ. ಅಲ್ಲಿ ಲಸಿಕೆ ಉಚಿತ.