ಹಿಮದ ಹಲಗೆಗೆ ಮೇಣದ ಲೇಪ

ಡಿಸೆಂಬರ್, ಜನವರಿ ತಿಂಗಳ ಮುಂಜಾವಿನಲ್ಲಿ ಸುಂಟಿಕೊಪ್ಪದ ತೋಟದ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತದೆ. ಉಷ್ಣಾಂಶ ಇಳಿದಂತೆ ಎಣ್ಣೆ, ಮೇಣಗಳು ಗಡುಸಾಗುತ್ತವೆ. ಹಿಮದ ನಾಡಿನ ಕ್ರೀಡೆಯೊಂದರಲ್ಲಿ ಸೋಲು ಗೆಲುವುಗಳು ಈ ಸಣ್ಣ ಸಂಗತಿಯನ್ನೂ ಅವಲಂಬಿಸಿವೆ ಎಂದರೆ ಅಚ್ಚರಿಯಲ್ಲವೇ?

ಆ ಕ್ರೀಡೆ ಕ್ರಾಸ್ ಕಂಟ್ರಿ ಸ್ಕೀಯಿಂಗ್. ಉದ್ದನೆಯ ಕಿರಿದಾದ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಏರು ತಗ್ಗುಗಳಲ್ಲಿ ಕಿಲೋಮೀಟರುಗಟ್ಟಲೆ ಸಾಗುವ ಓಟ. ಹಿಮವೇ ಬೀಳದ ಕೊಡಗಿನ ತೆಕ್ಕಡ ಭವಾನಿ ನಂಜುಂಡ 2024ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ವಿಭಾಗದಲ್ಲಿ ಕಂಚಿನ ಪದಕ ಗೆದ್ದರು. ಈ ಓಟದಲ್ಲಿ ಕಾಲಿನ ಬಲವಷ್ಟೇ ಸಾಲದು. ಹಲಗೆಯ ತಳಕ್ಕೆ ಹಚ್ಚಿದ ಮೇಣವೂ ಆ ದಿನದ ಹಿಮಕ್ಕೆ ಹೊಂದಬೇಕು. ತಪ್ಪಿದರೆ ವರ್ಷದ ಅಭ್ಯಾಸ ನೀರಿನಲ್ಲಿ ಹೋಮ.

ಹಲಗೆ ಸರಿದಾಗ ಘರ್ಷಣೆಯ ಶಾಖದಿಂದ ಹಿಮ ತುಸು ಕರಗಿ ತೆಳುವಾದ ನೀರಿನ ಪದರ ಉಂಟಾಗುತ್ತದೆ. ಜಾರಲು ಅದು ನೆರವಾಗುತ್ತದೆ. ಕೊರೆಯುವ ಚಳಿಯಲ್ಲಿ ಈ ಪದರ ಸಾಲದು. ಹಿಮದ ಹರಳುಗಳು ಮರಳಿನಂತೆ ಚೂಪಾಗಿ ಮೆತ್ತನೆಯ ಮೇಣದೊಳಕ್ಕೆ ನಾಟಿಕೊಳ್ಳುತ್ತವೆ. ಆಗ ಗಟ್ಟಿ ಮೇಣ ಬೇಕು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ನೀರು ಹೆಚ್ಚಾಗಿ ಹಲಗೆಯನ್ನು ಹಿಡಿದೆಳೆಯುತ್ತದೆ. ಆಗ ನೀರನ್ನು ದೂರ ತಳ್ಳುವ ಮೆತ್ತನೆಯ ಮೇಣ.

ಜಾರಿದರಷ್ಟೇ ಸಾಕೆ? ಏರು ಹತ್ತುವಾಗ ಹಿಂದಕ್ಕೆ ಒದ್ದು ಮುಂದೆ ಸಾಗಬೇಕಲ್ಲ! ಸಾಂಪ್ರದಾಯಿಕ ಶೈಲಿಯ ಹಲಗೆ ನಡುವೆ ಬಿಲ್ಲಿನಂತೆ ಬಾಗಿರುತ್ತದೆ. ಆ ನಡುಭಾಗಕ್ಕೆ ಮಾತ್ರ ಅಂಟುವ ಮೇಣ. ಕಾಲನ್ನು ಒತ್ತಿದಾಗ ನಡುಭಾಗ ಹಿಮವನ್ನು ಕಚ್ಚುತ್ತದೆ. ಬಿಟ್ಟಾಗ ಮೇಲೇಳುತ್ತದೆ, ತುದಿಗಳು ಜಾರುತ್ತವೆ.

ಜಾರುವ ಮೇಣವನ್ನು ಹಚ್ಚುವುದು ಇಸ್ತ್ರಿ ಪೆಟ್ಟಿಗೆಯಂಥ ಉಪಕರಣದಿಂದ. ತಣ್ಣನೆಯ ಕೊಠಡಿಯಲ್ಲಿ ಇದು ಕಷ್ಟ. ಹಲಗೆ ತಣ್ಣಗಿದ್ದರೆ ಕರಗಿದ ಮೇಣ ತಳದೊಳಕ್ಕೆ ಇಳಿಯುವ ಮೊದಲೇ ಹೆಪ್ಪುಗಟ್ಟುತ್ತದೆ. ಹೊರಗಿನಿಂದ ಒಳಗೆ ತಂದೊಡನೆ ಹಲಗೆಯ ಮೇಲೆ ಇಬ್ಬನಿಯಂತೆ ತೇವ ಕೂರುತ್ತದೆ. ಆದ್ದರಿಂದ ಮೊದಲು ಕೋಣೆಯ ಉಷ್ಣಾಂಶಕ್ಕೆ ಬರಲು ಬಿಟ್ಟು, ಒರೆಸಿ, ಆಮೇಲೆ ಮೇಣ. ಇಸ್ತ್ರಿಯನ್ನು ಒಂದೇ ಕಡೆ ನಿಲ್ಲಿಸುವಂತಿಲ್ಲ. ತಳದ ಪಾಲಿಥೀನ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ತಣಿದ ಮೇಲೆ ಹೆಚ್ಚಿನ ಮೇಣವನ್ನು ಹೆರೆದು ಬ್ರಷ್‌ನಿಂದ ಉಜ್ಜುತ್ತಾರೆ.

ಚಳಿಯೆಂದು ಕಿಟಕಿ ಮುಚ್ಚಿ ಈ ಕೆಲಸ ಮಾಡಬಾರದು. ಹೊಗೆ ಶ್ವಾಸಕೋಶಕ್ಕೆ ಹಾನಿಕರ. ಅತಿವೇಗ ಕೊಡುತ್ತಿದ್ದ ಫ್ಲೋರಿನ್‌ಯುಕ್ತ ಮೇಣಗಳ ರಾಸಾಯನಿಕಗಳು ಮಣ್ಣು, ನೀರಿನಲ್ಲಿ ಬಹುಕಾಲ ಉಳಿಯುತ್ತವೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023-24ರ ಋತುವಿನಿಂದ ತನ್ನ ಸ್ಪರ್ಧೆಗಳಲ್ಲಿ ಅವನ್ನು ನಿಷೇಧಿಸಿದೆ.

ವಿದ್ಯಾರ್ಥಿಗಳು ಹಿಮವಿಲ್ಲದೆಯೂ ಇದನ್ನು ಪರೀಕ್ಷಿಸಬಹುದು. ಒಂದೇ ಬಗೆಯ ಎರಡು ಮರದ ತುಂಡು ತೆಗೆದುಕೊಂಡು, ಒಂದರ ತಳಕ್ಕೆ ಮೇಣದ ಬತ್ತಿ ಉಜ್ಜಿ. ಎರಡನ್ನೂ ಹಲಗೆಯ ಮೇಲಿಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲನೆ ಎತ್ತಿ. ಪ್ರತಿ ತುಂಡೂ ಜಾರತೊಡಗುವ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಆ ಕೋನದ ಟ್ಯಾಂಜೆಂಟ್ ಬೆಲೆಯೇ ಸ್ಥಾಯಿ ಘರ್ಷಣಾಂಕ. ಇದನ್ನೇ ಚಳಿಯ ಮುಂಜಾನೆ ಒಮ್ಮೆ, ಬಿಸಿಲೇರಿದ ಮಧ್ಯಾಹ್ನ ಇನ್ನೊಮ್ಮೆ ಮಾಡಿ, ಅಂಕಿಗಳನ್ನು ಹೋಲಿಸಿ ನೋಡಿ.