ದರೋಜಿ ಕೆರೆಯ ಕೊನೆಯ ಮಡು

ಹೊಸಪೇಟೆಯಿಂದ ಬಳ್ಳಾರಿಗೆ ರೈಲಿನಲ್ಲಿ ಹೋಗುವವರಿಗೆ ನಡುದಾರಿಯಲ್ಲಿ ದರೋಜಿ ಎಂಬ ನಿಲ್ದಾಣ ಎದುರಾಗುತ್ತದೆ. ಸುತ್ತಲೂ ಯಾರೋ ಪೇರಿಸಿಟ್ಟಂತೆ ಕಾಣುವ ಬಂಡೆಗಳ ಗುಡ್ಡಗಳು. ನಡುನಡುವೆ ಕುರುಚಲು ಕಾಡು. ೧೯೯೪ರಲ್ಲಿ ಕರಡಿಗಳಿಗೆಂದೇ ರಕ್ಷಿಸಲ್ಪಟ್ಟ ಅರಣ್ಯ ಇಲ್ಲಿಯದು. ಬುರ್ರಕಥೆಯ ಈರಮ್ಮನವರಿಂದಾಗಿ ಈ ಊರಿನ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಆದರೆ ಮೇ ತಿಂಗಳ ಕೊನೆಯ ವಾರದಲ್ಲಿ ನಾವು ಅಲ್ಲಿಗೆ ಹೋದುದು ಕರಡಿಯನ್ನು ನೋಡುವುದಕ್ಕೂ ಅಲ್ಲ, ಹಾಡನ್ನು ಕೇಳುವುದಕ್ಕೂ ಅಲ್ಲ; ಬೇಸಗೆ ಮುಗಿಯುವ ಹೊತ್ತಿನಲ್ಲಿ ಒಂದು ಕೆರೆ ಹೇಗೆ ಬದುಕಿರುತ್ತದೆ ಎಂಬುದನ್ನು ಕಾಣುವುದಕ್ಕೆ.

ದರೋಜಿ ಕೆರೆಗೆ ನೀರು ತರುವುದು ನಾರಿಹಳ್ಳ. ಅದು ಸಂಡೂರಿನ ಕಣಿವೆಯ ನೀರನ್ನೆಲ್ಲ ಕೂಡಿಸಿಕೊಂಡು, ಬೆಟ್ಟಸಾಲನ್ನು ಸೀಳಿ ಭೀಮಗಂಡಿಯ ಕಿರುದಾರಿಯಿಂದ ಹೊರಬಿದ್ದು, ಬಯಲಿಗಿಳಿದು ಬರುತ್ತದೆ. ಮಳೆಗಾಲದಲ್ಲಿ ಕಬ್ಬಿಣದ ಅದಿರಿನ ನಾಡಿನ ಕೆಂಪು ಮಣ್ಣನ್ನು ಹೊತ್ತು ಬರುವ ಈ ಹಳ್ಳ, ನಾವು ಹೋದಾಗ ಮರಳು ಮತ್ತು ಬೆಣಚುಕಲ್ಲುಗಳ ಬರಿಯ ದಾರಿಯಾಗಿತ್ತು. ಕೆರೆಯೂ ಅಂಚುಗಳಿಂದ ಹಿಂದೆ ಸರಿದು, ಬಿರುಕುಬಿಟ್ಟ ಕೆಸರಿನ ಅಗಲವಾದ ಬಯಲನ್ನು ಬಿಟ್ಟು, ಕಟ್ಟೆಯ ಬುಡದ ಆಳಕ್ಕೆ ಬಂದು ನಿಂತಿತ್ತು. ಆ ನೀರಿನ ಬಳಿಯಲ್ಲಿಯೇ ಬೆಸ್ತರ ಎರಡು ಗುಡಿಸಲುಗಳಿದ್ದುವು. ಹಗಲಲ್ಲಿ ಬಲೆ ಹೊಲಿಯುವುದು, ಇರುಳಲ್ಲಿ ಮೀನು ಕಾಯುವುದು, ಹೆಚ್ಚಾದ ಮೀನನ್ನು ಉಪ್ಪು ಸವರಿ ಬಂಡೆಯ ಮೇಲೆ ಒಣಗಿಸುವುದು, ಇವು ಅಲ್ಲಿಯ ಕೆಲಸಗಳು. ಗುಡಿಸಲಿನ ಪಕ್ಕದಲ್ಲಿ ಹರಿಗೋಲೊಂದು ಬೋರಲಾಗಿ ಬಿದ್ದಿತ್ತು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸನು, ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ, ಬುಟ್ಟಿಯಂತೆ ದುಂಡಗಿರುವ ದೋಣಿಗಳನ್ನು ಇಲ್ಲಿಗೆ ಸಮೀಪದ ತುಂಗಭದ್ರೆಯಲ್ಲಿ ಕಂಡು ಬರೆದಿಟ್ಟಿದ್ದಾನೆ. ಇಂದು ತೊಗಲಿನ ಸ್ಥಾನದಲ್ಲಿ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಆಕಾರ ಮಾತ್ರ ಅದೇ.

ಜೋಳದ ರೊಟ್ಟಿ, ಹುಣಸೆಹುಳಿ ಮುಂದಾದ ಮೀನಿನ ಸಾರು ಇವುಗಳ ಊಟವಾದ ಮೇಲೆ ಗುಡಿಸಲಿನ ಹಿರಿಯನೊಡನೆ ಮಾತಿಗೆ ಕುಳಿತೆವು. ಎಲ್ಲರಿಗೂ ಆತ ‘ತಾತ’. ಕೆರೆಯಲ್ಲಿ ಈಗ ಮೀನು ಹೇಗಿದೆ ಎಂದು ಕೇಳಿದುದಕ್ಕೆ, “ಬೆಳಗಿನ ಜಾವಕ್ಕೆ ಎಬ್ಬಿಸ್ತೀನಿ ಸ್ವಾಮಿ, ನೀವೇ ನೋಡ್ರಿ” ಎಂದಷ್ಟೇ ಹೇಳಿ ಆತ ಮಲಗಿದನು.

ನಾಲ್ಕೂವರೆಯ ಸುಮಾರಿಗೆ ನಮ್ಮನ್ನು ಎಬ್ಬಿಸಿದಾಗ ಗಾಳಿ ಪೂರ್ತಿ ನಿಂತಿತ್ತು. ಮಡುವಿನ ಕಡೆಯಿಂದ ಮೆಲ್ಲಗೆ ಚಪ್ಪರಿಸಿದಂಥ ಸದ್ದು. ದೀಪ ಹಿಡಿದು ನೋಡಿದೆವು: ನೂರಾರು ಮೀನುಗಳು ಮೂತಿಯನ್ನು ನೀರಿನ ಮೇಲಕ್ಕೆ ಚಾಚಿ ಬಾಯಿ ತೆರೆಯುತ್ತ ಮುಚ್ಚುತ್ತ ಇದ್ದುವು. ಬೆಳಕಿಗೂ ಬೆದರಲಿಲ್ಲ, ಹೆಜ್ಜೆಯ ಸದ್ದಿಗೂ ಓಡಲಿಲ್ಲ. ನೀರಿನಲ್ಲಿಯೇ ಹುಟ್ಟಿ ಬೆಳೆದ ಪ್ರಾಣಿಗೆ ನೀರಿನಲ್ಲಿಯೇ ಉಸಿರುಗಟ್ಟುವುದೆಂದರೇನು? ಇದರ ಕಾರಣವನ್ನು ಸ್ವಲ್ಪ ವಿಚಾರ ಮಾಡೋಣ.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ಒಂದು ಲೀಟರ್ ಗಾಳಿಯಲ್ಲಿ ಸುಮಾರು ೨೭೦ ಮಿಲಿಗ್ರಾಂ ಆಮ್ಲಜನಕವಿರುತ್ತದೆ. ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಎಷ್ಟು ಹೀರಿಕೊಂಡರೂ ಅದರಲ್ಲಿ ಕರಗಿರುವುದು ಸುಮಾರು ೭.೫ ಮಿಲಿಗ್ರಾಂ ಮಾತ್ರ. ಎಂದರೆ ನಮಗಿರುವ ಸಂಪತ್ತಿನ ಮೂವತ್ತಾರರಲ್ಲಿ ಒಂದು ಪಾಲು. ೧೦ ಡಿಗ್ರಿಯ ತಣ್ಣೀರಾದರೆ ೧೧ ಮಿಲಿಗ್ರಾಂಗೂ ಮಿಗಿಲಾಗಿ ಹಿಡಿದಿಟ್ಟುಕೊಳ್ಳಬಲ್ಲುದು. ನೀರು ಬಿಸಿಯಾದಷ್ಟೂ ಅದರ ಉಗ್ರಾಣ ಕಿರಿದಾಗುತ್ತದೆ. ಮೀನಿನ ಅವಶ್ಯಕತೆಯಾದರೋ ಇದಕ್ಕೆ ತೀರ ವಿರುದ್ಧ. ಅದರ ಮೈಯ ಉಷ್ಣತೆ ನೀರಿನೊಡನೆ ಏರಿಳಿಯುವುದರಿಂದ, ನೀರು ಹತ್ತು ಡಿಗ್ರಿ ಬಿಸಿಯಾದರೆ ದೇಹದ ವ್ಯಾಪಾರಗಳು ಸುಮಾರು ಎರಡು ಪಟ್ಟು ಚುರುಕಾಗಿ, ಆಮ್ಲಜನಕವೂ ಅಷ್ಟೇ ಹೆಚ್ಚಾಗಿ ಬೇಕಾಗುತ್ತದೆ. ಆದಾಯ ಇಳಿದಾಗಲೇ ಖರ್ಚು ಏರುವ ಸಂಸಾರದಂತೆ ಬೇಸಗೆಯ ಮೀನಿನ ಬಾಳು.

ಇನ್ನು ಪಾಚಿಯ ಮಾತು. ಹಗಲಿನಲ್ಲಿ ಸೂಕ್ಷ್ಮ ಪಾಚಿಗಳು ಬಿಸಿಲಿನ ನೆರವಿನಿಂದ ಆಹಾರವನ್ನು ತಯಾರಿಸಿಕೊಳ್ಳುತ್ತ ಆಮ್ಲಜನಕವನ್ನು ಹೊರಬಿಡುತ್ತವೆ. ಇರುಳಿನಲ್ಲಿ ಈ ಕೆಲಸ ನಿಂತುಹೋಗುತ್ತದೆ. ಉಸಿರಾಟ ಮಾತ್ರ ನಿಲ್ಲದು. ಪಾಚಿ, ಮೀನು, ಕೆಸರಿನಲ್ಲಿ ಕೊಳೆತುದನ್ನು ತಿನ್ನುವ ಬ್ಯಾಕ್ಟೀರಿಯಗಳು ಎಲ್ಲವೂ ಹಗಲಿನ ಗಳಿಕೆಯನ್ನು ರಾತ್ರಿಯೆಲ್ಲ ಕರಗಿಸುವುವು. ಬೆಳಗಿನ ಜಾವಕ್ಕೆ ಬೊಕ್ಕಸ ಬರಿದಾಗುತ್ತದೆ. ಗಾಳಿ ಬೀಸಿದರೆ ಅಲೆಯೆದ್ದು ಒಂದಿಷ್ಟು ಆಮ್ಲಜನಕ ಬೆರೆತೀತು. ಗಾಳಿಯೂ ನಿಂತ ದಿನ ಮೀನಿಗೆ ಉಳಿದಿರುವುದು ಮೇಲ್ಮೈಯ ತೆಳುಪದರವೊಂದೇ. ನಾವು ಕಂಡುದು ಆ ಗಳಿಗೆಯನ್ನು.

ಉತ್ತರದ ಶೀತದೇಶಗಳಲ್ಲಿ ಬೇಸಗೆಯ ಕೊನೆಗೆ ಬೇರೊಂದು ನೋಟ. ಕೆನಡ ದೇಶದ ಉತ್ತರಭಾಗದಲ್ಲಿ ದಾರಿಯೇ ಇಲ್ಲದ ಕಾಡುಗಳ ನಡುವೆ ಸರೋವರಗಳ ದಡದಲ್ಲಿ ಗಾಳದ ಬೇಟೆಗಾರರ ವಸತಿಗೃಹಗಳಿವೆ. ಅಲ್ಲಿಗೆ ನೀರಿನ ಮೇಲೆ ಇಳಿಯಬಲ್ಲ ಪುಟ್ಟ ವಿಮಾನಗಳಲ್ಲಿ ಜನ ಹೋಗುವುದುಂಟು. ಅಲ್ಲಿಯ ಆಳವಾದ ಸರೋವರಗಳಲ್ಲಿ ಬಿಸಿಲಿಗೆ ಕಾದ ಹಗುರವಾದ ನೀರು ಮೇಲೆಯೂ ತಣ್ಣನೆಯ ಭಾರವಾದ ನೀರು ಕೆಳಗೂ ಎರಡು ಅಂತಸ್ತುಗಳಾಗಿ ನಿಲ್ಲುತ್ತವೆ. ನೀರು ಎಲ್ಲಕ್ಕಿಂತ ಭಾರವಾಗಿರುವುದು ೪ ಡಿಗ್ರಿಯಲ್ಲಿ ಎಂಬುದು ಇದಕ್ಕೆ ಆಧಾರ. ಆಗಸ್ಟ್ ತಿಂಗಳಲ್ಲಿ ಸರೋವರದ ಟ್ರೌಟ್ ಮೀನುಗಳು ಕೆಳಗಿನ ತಂಪಿಗೆ ಇಳಿಯುವುವು. ಗಾಳವನ್ನೂ ಅಲ್ಲಿಯವರೆಗೆ ಇಳಿಬಿಡಬೇಕು. ದರೋಜಿಯ ಮೀನಿಗೆ ಹೀಗೆ ಇಳಿದುಹೋಗಲು ನೆಲಮಾಳಿಗೆಯಿಲ್ಲ. ದಿನಕ್ಕೆ ೭ ಮಿಲಿಮೀಟರ್ ನೀರು ಆವಿಯಾಗುವುದೆಂದು ಇಟ್ಟುಕೊಂಡರೂ ನೂರು ದಿನಗಳಿಗೆ ೭೦ ಸೆಂಟಿಮೀಟರ್ ಆಯಿತು. ಆಳ ಕಡಮೆಯಾದ ಕೆರೆಯಲ್ಲಿ ಇದು ದೊಡ್ಡ ನಷ್ಟ. ಹೊಳೆಯ ಕೆಂಪು ಹೂಳು ತುಂಬಿದಷ್ಟೂ ಆಳ ಇನ್ನಷ್ಟು ಕುಗ್ಗುವುದು. ಕುಗ್ಗಿದ ನೀರು ಬೇಗ ಕಾಯುವುದು.

ಹಾಗಾದರೆ ಈ ಮಡುವಿನಲ್ಲಿ ಬದುಕಿ ಉಳಿಯುವವರು ಯಾರು? ಅಲ್ಲಿ ಮೇಲೆ ಬಂದು ಚಡಪಡಿಸುತ್ತಿದ್ದವುಗಳಲ್ಲಿ ಹೆಚ್ಚಿನವು ಕಾಟ್ಲಾ, ರೋಹು ಮೊದಲಾದ ದೊಡ್ಡ ಗೆಂಡೆಗಳು. ಆದರೆ ಆಗಾಗ ಒಂದು ಮೀನು ನೆಟ್ಟಗೆ ಮೇಲೆ ಬಂದು, ಒಂದೇ ಗುಟುಕು ಗಾಳಿಯನ್ನು ನುಂಗಿ, ಬಾಲ ಬಡಿದು ಮತ್ತೆ ತಳಕ್ಕೆ ಹೋಗುತ್ತಿತ್ತು. ಅದು ಕೊರವ. ಅದರ ಕಿವಿರುಗಳ ಮೇಲ್ಗಡೆ, ತಲೆಯೊಳಗೆ, ರಕ್ತನಾಳಗಳು ಹೆಣೆದುಕೊಂಡಿರುವ ಒಂದು ಗೂಡು ಉಂಟು. ನುಂಗಿದ ಗಾಳಿಯಿಂದ ಅಲ್ಲಿಯೇ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಚೇಳು ಮೀನಿನಲ್ಲಿ ಇದೇ ಕೆಲಸಕ್ಕೆ ಕಿವಿರಿನ ಗೂಡಿನಿಂದ ಹಿಂದಕ್ಕೆ ಬೆನ್ನಿನುದ್ದಕ್ಕೆ ಚಾಚಿರುವ ಎರಡು ಗಾಳಿಚೀಲಗಳಿವೆ. ಇದರ ಪಕ್ಕದ ಮುಳ್ಳು ಚುಚ್ಚಿದರೆ ಚೇಳು ಕಡಿದಂತೆ ಉರಿಯುವುದರಿಂದ ಈ ಹೆಸರು. ನೀರು ಪೂರ್ತಿ ಬತ್ತಿದರೂ ಕೊರವವು ತೇವವುಳ್ಳ ಕೆಸರಿನಲ್ಲಿ ಹುದುಗಿ ಕೆಲವು ಕಾಲ ಜೀವ ಹಿಡಿದುಕೊಂಡಿರಬಲ್ಲುದು. ಇದರಲ್ಲೊಂದು ವಿಚಿತ್ರವುಂಟು: ಮೇಲೆ ಬರದಂತೆ ನೀರಿನೊಳಗೇ ತಡೆದು ಹಿಡಿದರೆ ಕೊರವ ನೀರಿನಲ್ಲಿ ಮುಳುಗಿ ಸಾಯುವುದು! ಗಾಳಿಯನ್ನು ನಂಬಿದವರಿಗೆ ಗಾಳಿ ಬೇಕೇ ಬೇಕು.

ಹೊತ್ತು ಮೂಡುವ ಮೊದಲು ಗುಡಿಸಲಿನಲ್ಲಿ ಸಣ್ಣದೊಂದು ವಾಗ್ವಾದ ನಡೆಯಿತು. ಕೆರೆಗಳ ಮೀನುಗಾರಿಕೆಯನ್ನು ಗುತ್ತಿಗೆ ಕೊಡುವ ಪದ್ಧತಿ ನಮ್ಮಲ್ಲಿದೆಯಷ್ಟೆ. ಅವಧಿ ಮುಗಿಯುತ್ತ ಬಂದವರಿಗೆ ಮಡುವಿನಲ್ಲಿ ಉಳಿದುದೆಲ್ಲ ಬಿಟ್ಟುಹೋಗುವ ಹಣದಂತೆ ಕಾಣುವುದು ಸಹಜ. ಮೇಲಾಗಿ, ಮೃಗಶಿರ ಮಳೆ ಹೂಡುವ ದಿನ ಮೀನು ತಿನ್ನುವ ರೂಢಿ ಉತ್ತರ ಕರ್ನಾಟಕದ ಹಲವೆಡೆ ಇರುವುದರಿಂದ ಜೂನ್ ಮೊದಲ ವಾರದಲ್ಲಿ ಬೆಲೆಯೂ ಏರುತ್ತದೆ. ಮೀನುಗಳು ಹೇಗೂ ಸಾಯುತ್ತಿವೆ, ಸಣ್ಣ ಕಣ್ಣಿನ ಎಳೆಬಲೆಯಿಂದ ಮಡುವನ್ನೇ ಬಳಿದುಬಿಡೋಣ ಎಂದು ಮೊಮ್ಮಗನ ವಾದ. ತಾತನು ಒಪ್ಪಲಿಲ್ಲ. “ಕಾಟ್ಲಾ ಹಿಡಿ, ಯಾರು ಬ್ಯಾಡ ಅಂತಾರ? ಕೊರವ ಮುಟ್ಟಬ್ಯಾಡ ಮಗಾ. ಅದರ ಹೊಟ್ಟ್ಯಾಗ ತತ್ತಿ ಐತಿ” ಎಂದನು. ಹಿಂದೆ ಬೇರೊಂದು ಸಣ್ಣ ಕೆರೆಯಲ್ಲಿ ತಾನೇ ಹಾಗೆ ಮಡು ಬಳಿದುದನ್ನೂ, ಮುಂದೆ ಎರಡು ವರ್ಷ ಅಲ್ಲಿ ಕೊರವದ ಮರಿಯನ್ನು ಸಹ ಕಾಣದೆ ಹೋದುದನ್ನೂ ನಮಗೆ ಹೇಳಿದನು.

ತಾತನ ಮಾತಿನಲ್ಲಿ ಜೀವವಿಜ್ಞಾನದ ಒಂದು ದೊಡ್ಡ ವಿವೇಕ ಅಡಗಿದೆ. ಮಡುವಿನ ಮೀನುಗಳೆಲ್ಲ ಒಂದೇ ಬಗೆಯವಲ್ಲ. ಕಾಟ್ಲಾ, ರೋಹು, ಮೃಗಾಲ್‌ಗಳು ಉತ್ತರ ಭಾರತದ ದೊಡ್ಡ ಹೊಳೆಗಳ ಮೀನುಗಳು. ಅವು ಮಳೆಗಾಲದ ಪ್ರವಾಹದಲ್ಲಿ ಮೊಟ್ಟೆಯಿಡುವುವೇ ಹೊರತು ನಿಂತ ನೀರಿನಲ್ಲಿ ಇಡುವುದಿಲ್ಲ. ಕೆರೆಯಲ್ಲಿ ಅವು ಕೊಬ್ಬಬಹುದು, ಹೊಟ್ಟೆಯಲ್ಲಿ ಮೊಟ್ಟೆಯೂ ಬಲಿಯಬಹುದು. ಆದರೆ ಆ ಮೊಟ್ಟೆಗಳು ಕೊನೆಗೆ ದೇಹದಲ್ಲಿಯೇ ಕರಗಿಹೋಗುವುವು. ಬಹುಕಾಲ ಈ ಮೀನುಗಳ ಮರಿಗಳನ್ನು ಹೊಳೆಗಳಿಂದಲೇ ಹಿಡಿದು ತರಬೇಕಾಗಿತ್ತು. ೧೯೫೭ರ ಜುಲೈ ೧೦ರಂದು ಒರಿಸ್ಸದಲ್ಲಿ ಹೀರಾಲಾಲ್ ಚೌಧುರಿಯವರೂ ಅವರ ಸಹೋದ್ಯೋಗಿಗಳೂ ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಇವು ಹೊಳೆಯಿಲ್ಲದೆಯೂ ಮೊಟ್ಟೆಯಿಡುವಂತೆ ಮಾಡಿ ಜಯ ಪಡೆದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸಲಾಗುತ್ತಿದೆ. ಅಂದಿನಿಂದ ಸಾಕಣೆ ಕೇಂದ್ರಗಳಲ್ಲಿ ಮರಿಗಳನ್ನು ಬೆಳೆಸಿ, ಮಳೆ ಬಂದ ಮೇಲೆ ಕೆರೆಗಳಿಗೆ ಬಿತ್ತುವುದು ಸಾಧ್ಯವಾಗಿದೆ. ಆದುದರಿಂದ ಬೇಸಗೆಯ ಕೊನೆಗೆ ಕೆರೆಯ ಕಾಟ್ಲಾವನ್ನು ಹಿಡಿದರೆ ಬರುವ ವರ್ಷಕ್ಕೆ ಕುಂದಿಲ್ಲ. ಹಿಡಿಯದಿದ್ದರೆ ಉಸಿರುಗಟ್ಟಿ ಸತ್ತು ಉಳಿದ ನೀರನ್ನೂ ಕೆಡಿಸೀತು.

ಕೊರವ, ಚೇಳು ಮೀನು, ಸಣ್ಣ ಗೆಂಡೆ ಇವುಗಳ ಮಾತು ಬೇರೆ. ಇವುಗಳಿಗೆ ಹೊರಗಿನಿಂದ ಬಿತ್ತುವವರಿಲ್ಲ. ಮೊದಲ ಮಳೆಯ ಹೊಸ ನೀರು ಬಂದೊಡನೆ ಸಣ್ಣ ಗೆಂಡೆಗಳು ಹರಿವಿಗೆ ಎದುರಾಗಿ ಹಳ್ಳವನ್ನೇರಿ, ತಿಳಿಯಾದ ಅಂಚುಗಳಲ್ಲಿ ಮೊಟ್ಟೆಯಿಡುವುವು. ಮಲೆನಾಡಿನಲ್ಲಿ ಇಂಥವನ್ನು ‘ಹತ್ತುಮೀನು’ ಎನ್ನುವರು. ಕೊರವಗಳು ಜೋಡಿಯಾಗಿ ಜೊಂಡಿನ ನಡುವೆ ನೀರನ್ನು ತೆರವು ಮಾಡಿ ಮೊಟ್ಟೆಯಿಟ್ಟು, ಮರಿಗಳಾದ ಮೇಲೂ ಕಾವಲಿರುವುವು. ಕೆಂಪುಬಣ್ಣದ ಮರಿಗಳ ಹಿಂಡು ಒಂದು ಚೆಂಡಿನಂತೆ ಮೇಲೆದ್ದು ಮುಳುಗುತ್ತಿದ್ದರೆ ಕೆಳಗೆ ಹೆತ್ತವರಿದ್ದಾರೆಂದು ತಿಳಿಯಬೇಕು. ಇಷ್ಟೆಲ್ಲ ನಡೆಯಬೇಕಾದರೆ ಮಡುವಿನಲ್ಲಿ ಕೆಲವಾದರೂ ತಾಯಿಮೀನುಗಳು ಉಳಿದಿರಬೇಕು. ಕೆರೆ ತುಂಬಿದಾಗ ಸಾವಿರ ಮೀನುಗಳನ್ನು ಹಿಡಿದುದರಿಂದ ಆಗದ ನಷ್ಟ, ಕೊನೆಯ ಮಡುವಿನ ಐವತ್ತನ್ನು ಹಿಡಿದುದರಿಂದ ಆಗಬಹುದು. ಏಕೆಂದರೆ ಆ ಐವತ್ತು ಮೀನುಗಳೇ ಮುಂದಿನ ಬೆಳೆಯ ಬಿತ್ತನೆಬೀಜ. ಎಂಥ ಬರಗಾಲದಲ್ಲಿಯೂ ರೈತನು ಬಿತ್ತನೆಯ ಜೋಳವನ್ನು ಹಗೇವಿನಲ್ಲಿ ಉಳಿಸಿಡುವುದಿಲ್ಲವೆ?

ಲೋಕದ ಬೇರೆಡೆಗಳಲ್ಲಿಯೂ ಈ ವಿವೇಕ ಕಾನೂನಿನ ರೂಪ ತಾಳಿದೆ. ಉತ್ತರದ ಟ್ರೌಟ್ ಮೀನು ಮೊಟ್ಟೆಯಿಡುವುದು ಶರತ್ಕಾಲದಲ್ಲಿ. ಆದುದರಿಂದ ಕೆನಡದ ಒಂಟಾರಿಯೊ ಪ್ರಾಂತದ ಹಲವು ಭಾಗಗಳಲ್ಲಿ ಸೆಪ್ಟೆಂಬರ್ ಮುಗಿಯುತ್ತಲೇ ಅದರ ಬೇಟೆ ಮುಚ್ಚುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅಲ್ಲಿ ಚಳಿ, ಇಲ್ಲಿ ಮಳೆ. ಎರಡೂ ಕಡೆ ಬೇಸಗೆಯ ಕೊನೆಯೆಂಬುದು ಹೊಸ ಪೀಳಿಗೆಯ ಹೊಸ್ತಿಲು. ಆದರೆ ಒಳನಾಡಿನ ಒಂದೊಂದು ಮಡುವಿಗೂ ಕಾವಲುಗಾರನನ್ನು ನಿಲ್ಲಿಸಲಾದೀತೆ? ಅಲ್ಲಿ ನಿರ್ಣಯವಾಗುವುದು ಬಲೆಯ ಕಣ್ಣಿನ ಅಳತೆಯಲ್ಲಿ. ಅಗಲ ಕಣ್ಣಿನ ಬಲೆ ದೊಡ್ಡ ಕಾಟ್ಲಾವನ್ನು ಹಿಡಿದು ಸಣ್ಣದನ್ನು ಬಿಡುತ್ತದೆ. ಸಿಕ್ಕ ಕೊರವವನ್ನು ಕೈಯಿಂದ ಬಿಡಿಸಿ ಮತ್ತೆ ನೀರಿಗೆ ಹಾಕಬಹುದು. ಮಡುವನ್ನು ಬಳಿಯುವ ಸಣ್ಣ ಕಣ್ಣಿನ ಎಳೆಬಲೆಗೆ ಈ ವಿವೇಚನೆಯಿಲ್ಲ.

ಬೆಳಕು ಹರಿಯಿತು. ತಾತನೂ ಮೊಮ್ಮಗನೂ ಅಗಲ ಕಣ್ಣಿನ ಬಲೆಯನ್ನು ಹರಿಗೋಲಿಗೆ ಹಾಕಿಕೊಂಡು ಹೊರಟರು. ಬಿಸಿಲು ನೀರಿಗೆ ತಾಕಿ ಅರ್ಧ ಗಂಟೆಯಾಗುವುದರೊಳಗೆ ಮೇಲೆ ಚಡಪಡಿಸುತ್ತಿದ್ದ ಮೀನುಗಳು ಒಂದೊಂದಾಗಿ ಕೆಳಗಿಳಿದುವು. ಪಾಚಿ ತನ್ನ ಕೆಲಸವನ್ನು ಮತ್ತೆ ಆರಂಭಿಸಿತ್ತು. ಎಂಟು ಗಂಟೆಗೆ ಹರಿಗೋಲು ದಡಕ್ಕೆ ಬಂದಾಗ ಅದರಲ್ಲಿ ಹನ್ನೊಂದು ಕಾಟ್ಲಾಗಳಿದ್ದುವು. ಬಲೆಗೆ ಕೊರವ ಬಿದ್ದಿತ್ತೇ ಎಂದು ನಾವು ಮೊಮ್ಮಗನನ್ನು ಕೇಳಿದೆವು. “ಎರಡು ಬಿದ್ದಿದ್ವು. ತಾತ ಬಿಡಿಸಿದ” ಎಂದು ಹೇಳಿ ಅವನು ಸಂಡೂರಿನ ಬೆಟ್ಟಗಳ ಕಡೆಗೆ ನೋಡಿದನು. ರೋಹಿಣಿಯ ಮೋಡಗಳು ಅಲ್ಲಿ ಆಗಲೇ ಕವಿಯತೊಡಗಿದ್ದುವು.